ಎಫಿ ಅತ್ತೆ ಕೊಟ್ಟ ಹಾಡು

ಊಯಿಸ್ಟ್ ದ್ವೀಪದಲ್ಲಿ ಎಫಿ ಅತ್ತೆಯ ಒಲೆಗೆ ಬೇಕಾದ, ಒಣಗಿಸಿ ಸೌದೆಯಂತೆ ಉರಿಸುವ ಜೌಗುಮಣ್ಣು ಕಡಿದು ಮುಗಿದಿತ್ತು. ಕಡಿಯಲು ಬಂದ ನೆರೆಯವರೆಲ್ಲ ಅಡುಗೆಮನೆಯಲ್ಲಿ ಒತ್ತಿಕೊಂಡು ಕೂತು ಕುರಿಮಾಂಸದ ಸಾರು ಕುಡಿಯುತ್ತಿದ್ದರು. ಅತ್ತೆಯ ಸೋದರನ ಮಗಳು ಊನಾ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಗಿಟಾರಿನ ಕೈಗೆ ಗುದ್ದಲಿ ಒಗ್ಗದೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಏನಮ್ಮಾ, ರೇಡಿಯೋದಿಂದ ಯಾವಾಗ ಇಳಿದೆ?" ಎಂದ ಮೀನುಗಾರ ಟೋರ್ಕಿಲ್. "ನಿನ್ನ ಹಾಡು ಕೇಳ್ತಾ ನಮ್ಮವಳು ಆಲೂಗಡ್ಡೆ ಸೀಯಿಸಿದಳು. ಅವತ್ತು ನಂಗೆ ಉಪವಾಸ."

"ಸುಳ್ಳು ಹೇಳ್ಬೇಡಿ, ಸೀದಿದ್ದನ್ನೂ ಬಿಡದೆ ತಿಂದ್ರಿ," ಎಂದಳು ಅವನ ಹೆಂಡತಿ.

ಎಲ್ಲರ ಜೊತೆ ಊನಾಳೂ ನಕ್ಕಳು. ರೇಡಿಯೋದವರು ಅವಳನ್ನು ಮರೆತೇ ಬಿಟ್ಟಿದ್ದರು. ಮೊದಲ ಆಲ್ಬಮ್ ಅವಳನ್ನು ಗ್ಲಾಸ್ಗೋದ ಬಾರುಗಳಿಂದ ದೊಡ್ಡ ವೇದಿಕೆಗಳಿಗೆ ಏರಿಸಿತ್ತು. ಆಮೇಲಿನವು ಬಿದ್ದುಹೋದವು, ಆಲ್ಬಮ್ ತರುತ್ತಿದ್ದ ಕಂಪನಿಯೂ ಕೈಬಿಟ್ಟಿತು. ಅವಳನ್ನು ಏರಿಸಿದ್ದು ಅವಳೇ ಕಟ್ಟಿದ ಹಾಡುಗಳೂ ಅಲ್ಲ. ಹಸುಗಳನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗುವ ಹುಡುಗಿಯ ಬಗ್ಗೆ ಅತ್ತೆ ಹಾಡುತ್ತಿದ್ದ ಹಳೆಯ ಹಾಡು. ಊನಾ ಅದಕ್ಕೆ ಗಿಟಾರು, ಡ್ರಮ್ಮು ಸೇರಿಸಿದ್ದಳು.

ಆ ದ್ವೀಪದಲ್ಲಿ ಹಾಡಿಗೊಬ್ಬರು ಒಡೆಯರು. ಎಲ್ಲರಿಗೂ ಬಾಯಿಪಾಠವಿದ್ದರೂ ಒಡೆಯರನ್ನು ಬಿಟ್ಟು ಬೇರೆಯವರು ಹಾಡುವುದಿಲ್ಲ. ಅದಕ್ಕೇ ಆ ಮೊದಲ ಆಲ್ಬಮ್‌ಗೆ ಮುಂಚೆ ಊನಾ ಕೇಳಿದ್ದಳು: "ಅತ್ತೆ, ನಿನ್ನ ಹಾಡು ನಾನು ಹಾಡ್ಲಾ?" ಮೀನು ಸೀಳುತ್ತಿದ್ದ ಅತ್ತೆ ಕೈ ಒರೆಸಿಕೊಂಡು, "ತಗೋ ಮಗಳೇ" ಎಂದಿದ್ದಳು. ಚಿಕ್ಕ ವಯಸ್ಸಿಗೇ ಊರು ಬಿಟ್ಟ ಊನಾ ಅದನ್ನು ಬರೀ ಒಪ್ಪಿಗೆ ಎಂದುಕೊಂಡಳು. ಒಮ್ಮೆ ಕೊಟ್ಟ ಹಾಡನ್ನು ಕೊಟ್ಟವರು ಮತ್ತೆ ಹಾಡುವುದಿಲ್ಲ ಎಂದು ಅವಳಿಗೆ ತಿಳಿದದ್ದು ಈಗ, ಊರಿಗೆ ಮರಳಿದ ಮೇಲೆ. ಅದನ್ನು ಹಿಂದಿರುಗಿಸಬೇಕು. ಅವಳಿಗೆ ಉಳಿದಿದ್ದ ಆಸೆ ಅದೊಂದೇ.

ಸಾರು ಮುಗಿದು ಹಾಡು ಶುರುವಾಯಿತು. ಟೋರ್ಕಿಲ್ ದೋಣಿಯೇರಿದ ಹಂದಿಯ ಹಾಡು ಹಾಡಿ ನಗಿಸಿದ. ಸರದಿ ಅತ್ತೆಯದಾಯಿತು.

"ಅತ್ತೆ, ಹಸುಗಳ ಹಾಡು ನೀನೇ ಹಾಡು. ಅದು ನಿಂದೇ. ವಾಪಸ್ ತಗೋ," ಎಂದಳು ಊನಾ.

"ವಾಪಸ್ ತಗೊಳ್ಳೋಕೆ ಅದೇನು ಸಕ್ಕರೆ ಬಟ್ಟಲೇನೇ?" ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನೇ ಹಾಡು. ಕೇಳ್ತೀವಿ."

ಊನಾ ಹಾಡಿದಳು. ಹಿಂದೆ ಡ್ರಮ್ಮು ಅಟ್ಟಿಸಿಕೊಂಡು ಬರುತ್ತಿರುವಂತೆ ಅವಳ ದನಿ ಓಡುತ್ತಿತ್ತು. ಹುಡುಗಿ ಗುಡ್ಡ ಹತ್ತಿದಳು, ಮಂಜು ಇಳಿಯಿತು, ಕೆಂಪು ಹಸು ಕಾಣೆಯಾಯಿತು. ಮುಂದೆ ಅವಳು ಹಸುವನ್ನು ಕೂಗಿ ಕರೆಯುವ, ಕೆಲವು ಸಾಲುಗಳ ಒಂದು ನುಡಿ. ಹಾಡು ಉದ್ದವಾಯಿತೆಂದು ಸ್ಟುಡಿಯೋದಲ್ಲಿ ಅದನ್ನು ತೆಗೆದುಹಾಕಿದ್ದರು. ಆಮೇಲೆ ಯಾವ ವೇದಿಕೆಯಲ್ಲೂ ಊನಾ ಅದನ್ನು ಹಾಡಿರಲಿಲ್ಲ. ಈಗ ಒಂದು ಪದವೂ ನಾಲಿಗೆಗೆ ಬರಲಿಲ್ಲ.

ಅಡುಗೆಮನೆಯಲ್ಲಿದ್ದ ಪ್ರತಿಯೊಬ್ಬರಿಗೂ ಆ ನುಡಿ ಗೊತ್ತಿತ್ತು. ಟೋರ್ಕಿಲ್‌ನ ತುಟಿ ಅಲುಗಿ ಮುಚ್ಚಿಕೊಂಡಿತು. ಅವನ ಹೆಂಡತಿ ಖಾಲಿ ಬಟ್ಟಲು ನೋಡುತ್ತ ಕೂತಳು.

"ಅತ್ತೆ, ಮೊದಲ ಪದ ಹೇಳು. ಅಷ್ಟೇ ಸಾಕು."

"ನಾನು ಹೆಂಗೆ ಹೇಳ್ಲಿ, ಮಗಳೇ?" ಅತ್ತೆಯ ಕಣ್ಣು ತುಂಬಿತ್ತು. "ಅದೀಗ ನಿಂದು."

ಮೇಜಿನ ಮೇಲೆ ಅತ್ತೆಯ ಬೆರಳು ಮಾತ್ರ ಮೆಲ್ಲಗೆ ತಾಳ ಹಾಕುತ್ತಿತ್ತು. ಯಾರೂ ಹಾಡದ ಆ ನುಡಿಯ ಒಂದೊಂದು ಸಾಲಿಗೂ ತಾಳ ಹಾಕಿ, ನುಡಿ ಮುಗಿಯುವ ಹೊತ್ತಿಗೆ ಬೆರಳು ನಿಂತಿತು.

ಊನಾ ಅದರ ಮುಂದಿನ ನುಡಿ ಎತ್ತಿಕೊಂಡಳು.