ಬೀಗರನ್ನು ಕೇಳುವುದು ಹೇಗೆ

ನಾಸಿಕದ ಹತ್ತಿರದ ಪಿಂಪಳಗಾಂವ್ ಬಸವಂತದ ತಮ್ಮ ದ್ರಾಕ್ಷಿ ಪ್ಯಾಕಿಂಗ್ ಷೆಡ್ಡಿನಲ್ಲಿ ಬೆಳಗಿನ ಕೆಲಸ ಆರಂಭವಾಗುವ ಮೊದಲೇ ರೂಪಾಳ ತಾಳ್ಮೆ ಮುಗಿದಿತ್ತು. ತಂದೆ ಶಿವಕಾಂತರ ಇ-ಮೇಲ್ ಗುಡಿಸುವುದು ಅವಳ ನಿತ್ಯಕರ್ಮ. ಕೊಳ್ಳದ ಲಾಟರಿಯ ಬಹುಮಾನ, ಕಟ್ಟದ ತೆರಿಗೆಯ ಮರುಪಾವತಿ, ಕಂಡರಿಯದ ವಿದೇಶಿ ವಿಧವೆಯ ಆಸ್ತಿ; ಅಳಿಸಿದಷ್ಟೂ ಬರುತ್ತಿದ್ದವು. ಅವಳು ಅಳಿಸುವ ಮೊದಲೇ ಶಿವಕಾಂತರು ಎಲ್ಲವನ್ನೂ ತೆರೆದು ಓದಿರುತ್ತಿದ್ದರು.

ಆ ದಿನದ ಒಂದು ಮೇಲ್ ಮಾತ್ರ ಕಸದಂತೆ ಕಾಣಲಿಲ್ಲ. ಅದು ಛತ್ರಪತಿ ಸಂಭಾಜಿನಗರದ ಮನ್ಮಥಪ್ಪನವರ ವಿಳಾಸದಿಂದಲೇ ಬಂದಿತ್ತು. ಮನ್ಮಥಪ್ಪ ರಟ್ಟಿನ ಪೆಟ್ಟಿಗೆಗಳ ಕಾರ್ಖಾನೆಯವರು. ರೂಪಾಳ ಅಕ್ಕ ಭಾಗ್ಯಶ್ರೀಯ ಮಾವ. ಹಳೆಯ ಬ್ಯಾಂಕ್ ಖಾತೆ ನಿಂತಿದೆ, ಪೆಟ್ಟಿಗೆಗಳ ಮುಂಗಡವನ್ನು ಮಧ್ಯಾಹ್ನದೊಳಗೆ ಈ ಹೊಸ ಖಾತೆಗೆ ಹಾಕಿ ಎಂದು ಅದರಲ್ಲಿತ್ತು. ಆ ಹಣ ತಪ್ಪಿ ಹೋದರೆ ಈ ಹಂಗಾಮಿನ ದ್ರಾಕ್ಷಿಗೆ ಪೆಟ್ಟಿಗೆಯೇ ಇಲ್ಲ.

ಫೋನ್ ಮಾಡಿ ಕೇಳೋಣವೆಂದಳು ರೂಪಾ. ವಿಳಾಸ ಅವರದೇ ಇರುವಾಗ ಕೇಳುವುದೇನು ಎಂದರು ಶಿವಕಾಂತರು. ಪಾಸ್‌ವರ್ಡ್ ಕದ್ದವನೂ ಅದೇ ವಿಳಾಸದಿಂದ ಬರೆಯಬಲ್ಲನೆಂದು ಅವಳು ಹಲ್ಲು ಕಚ್ಚಿ ಮತ್ತೊಮ್ಮೆ ವಿವರಿಸಿದಳು. ಆಗ ನಿಜವಾದ ಕಾರಣ ಹೊರಬಿತ್ತು.

"ಹೆಣ್ಣ ಕೊಟ್ಟವ್ರು ನಾವು. ಬೀಗರಿಗಿ 'ಇದು ಖರೇ ಏನ್ರಿ' ಅಂತ ಕೇಳಬಾರದು. ಅವ್ರು ಮನಸಿಗಿ ಹಚ್ಕೊಂಡ್ರ ಅಲ್ಲಿ ಅನುಭವ್ಸೋಕಿ ನಿಮ್ಮಕ್ಕ."

"ಕಳ್ಳನಿಗಿ ನಿಮ್ಮ ಈ ಮರ್ಯಾದಿನೇ ಸಾಕು, ಅಪ್ಪಾ. ಬ್ಯಾರೆ ಕೀಲಿಕೈ ಬೇಕಾಗಲ್ಲ."

ಫೋನಿಗೆ ತಗಲುವುದು ಒಂದು ನಿಮಿಷ. ಸಂಕೋಚಕ್ಕೆ ತಗಲುವುದನ್ನು ಆ ಮನೆಯಲ್ಲಿ ಯಾರೂ ಕೂಡಿಸಿ ನೋಡಿರಲಿಲ್ಲ. ಶಿವಕಾಂತರು ಬ್ಯಾಂಕಿಗೆ ಹೊರಟು ಚಪ್ಪಲಿ ಮೆಟ್ಟುವುದರೊಳಗೆ ರೂಪಾ ಫೋನ್ ಹಚ್ಚಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

ಮುಂಗಡ ಹಾಕುವ ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು ಎಂದು ಅವಳು ಹೇಳಿದ್ದಕ್ಕೆ ಮನ್ಮಥಪ್ಪ ಮೊದಲು ಸಿಟ್ಟಾದರು. "ನಿಮ್ಮಪ್ಪಗ ನನ್ ಮ್ಯಾಲ ಭರೋಸಾ ಇಲ್ಲೇನು?"

"ನಿಮ್ ಮ್ಯಾಲ ಅದ, ಕಾಕಾ. ಈ ಹೊಸ ನಂಬರಿನ ಮ್ಯಾಲ ಇಲ್ಲ. ನೀವೇ ಖಾತೆ ಬದಲ್ ಮಾಡೀರೇನು?"

ಮನ್ಮಥಪ್ಪ ಯಾವ ಖಾತೆ ಎಂದು ಕೇಳಿದರು. ರೂಪಾ ಓದಿ ಹೇಳಿದಳು. ಅದು ಅವರದಲ್ಲ. ಮೇಲ್ ಖಾತೆ ತುಂಬಿದೆ, ಪಾಸ್‌ವರ್ಡ್ ಒತ್ತಿ ಎಂದು ಹಿಂದಿನ ವಾರ ಬಂದ ಸೂಚನೆಗೆ ಅವರು ವಿಧೇಯರಾಗಿ ಒತ್ತಿದ್ದರು. ಶಿವಕಾಂತರು ಚಪ್ಪಲಿ ಬಿಚ್ಚಿ ಕುಳಿತರು.

ಸಂಜೆ ಮನ್ಮಥಪ್ಪನವರೇ ಶಿವಕಾಂತರಿಗೆ ಫೋನ್ ಮಾಡಿದರು. ಪಾಸ್‌ವರ್ಡ್ ಬದಲಿಸಿದ್ದಾಯಿತು, ಬ್ಯಾಂಕಿಗೂ ಸೈಬರ್ ಪೊಲೀಸರಿಗೂ ದೂರು ಕೊಟ್ಟಿದ್ದಾಯಿತು. ಆದರೆ ನಾಸಿಕದ ಇಬ್ಬರು ವ್ಯಾಪಾರಿಗಳು ಮೇಲ್ ನೋಡಿದ ಕೂಡಲೇ ಹಣ ಹಾಕಿಬಿಟ್ಟಿದ್ದರು.

"ನನಗ ಮರ್ಯಾದಿ ಕೊಟ್ಟು ಇಬ್ರೂ ಮುಳುಗ್ಯಾರ್ರಿ. ಒಬ್ಬರರೆ ಒಂದ್ ಮಾತ್ ಕೇಳಬಾರದಾ? ಇನ್ ಮುಂದ ಏನಿದ್ರೂ ಸೀದಾ ನನಗ ಕೇಳ್ರಿ, ಬೀಗರೆ."

ಎಂದಿನಂತಾದರೆ ಶಿವಕಾಂತರು 'ಹೂನ್ರಿ' ಎಂದು ಫೋನ್ ಇಡಬೇಕಿತ್ತು. ಇಡಲಿಲ್ಲ.

"ಹಂಗಾದ್ರ ಒಂದ್ ಕೇಳ್ತೀನ್ರಿ. ಪಂಚಮಿಗಿ ಭಾಗ್ಯಶ್ರೀಗಿ ತವರಿಗಿ ಕಳಸಲಿಲ್ಲ. ದೀಪಾವಳಿಗಿನೂ ಕಳಸಲಿಲ್ಲ. ಯಾಕ್ರಿ?"

ರೂಪಾ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ತಂದೆಯ ಮುಖ ನೋಡಿದಳು. ಅವರು ಅವಳತ್ತ ತಿರುಗಲಿಲ್ಲ. ಉತ್ತರ ಬರುವವರೆಗೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.