ಸಾನ್ರೆಮೊ ಗೆದ್ದು ಬಂದವರು

ಸ್ವೀಡನ್ನಿನ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಇವ್ಲಿನ್‌ಳ ಕೆಲಸ ಸದ್ದು ಹಿಡಿಯುವುದು. ಹೊಸ ಕಾರಿನೊಳಗೆ ಕೂತು, ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾವ ಸ್ಕ್ರೂ ಸಡಿಲಾಗಿದೆ ಎಂದು ಕಿವಿಯಲ್ಲೇ ಹೇಳಬಲ್ಲಳು. ಅಂಥವಳು ಭಾನುವಾರ ಬಂತೆಂದರೆ ರಾಮದಾಸರ ‘ನಾದಸೇತು’ ಎಂಬ ಕನ್ನಡ ಗಾಯನ ತಂಡದಲ್ಲಿ ಕೀಬೋರ್ಡ್ ನುಡಿಸಲು ಹೋಗುತ್ತಿದ್ದಳು. ಗೋಥೆನ್‌ಬರ್ಗಿನ ಚಳಿಗಾಲ ಎಷ್ಟು ಉದ್ದ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ತಂಡದಲ್ಲಿ ಶ್ರುತಿಗೆ ನಿಲ್ಲುತ್ತಿದ್ದವರು ರಾಮದಾಸರ ಹೆಂಡತಿ ವೇದವತಿ ಒಬ್ಬರೇ. ಉಳಿದವರು ಹೊರಟುಹೋದ ಬಸ್ಸಿನ ಹಿಂದೆ ಓಡುವವರ ಹಾಗೆ ಅವರ ಹಿಂದೆ ಓಡುತ್ತಿದ್ದರು. ರಾಮದಾಸರು ಹಾಡುತ್ತಿರಲಿಲ್ಲ, ಅಧ್ಯಕ್ಷರಾಗಿದ್ದರು. ಹಾಡು ಬರೆಯುತ್ತಲೂ ಇದ್ದರು. ‘ಹಿಮದಲ್ಲರಳಿದ ಕನ್ನಡ ಕಮಲ’ ಅವರದೇ. ಹಿಮದಲ್ಲಿ ಕಮಲ ಹೇಗೆ ಅರಳೀತು ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಎರಡನೆಯ ಚರಣವನ್ನೂ ಕೇಳಿಸುತ್ತಾರೆಂಬ ಭಯವಿತ್ತು.

ಒಂದು ಭಾನುವಾರ ಅಭ್ಯಾಸದ ನಡುವೆ ರಾಮದಾಸರು ಫೋನು ಎತ್ತಿ ಹಿಡಿದರು.

“ಎಲ್ರೂ ಕೇಳಿ. ಮೇ ತಿಂಗಳಲ್ಲಿ ನಡೆಯೋ ಸಾನ್ರೆಮೊ ಫೆಸ್ಟಿವಲ್‌ಗೆ ನಾವು ಸೆಲೆಕ್ಟ್ ಆಗಿದೀವಿ ಅಂತ ಮೇಲ್ ಬಂದಿದೆ.”

ಇವ್ಲಿನ್‌ಗೆ ಸಾನ್ರೆಮೊ ಗೊತ್ತಿತ್ತು. ಆಫೀಸಿನಲ್ಲಿ ಅವಳ ಪಕ್ಕ ಕೂರುವ ಫೌಸ್ಟೊ ಇಟಲಿಯ ಅದೇ ಕಡಲತೀರದವನು. ಪ್ರತಿ ಫೆಬ್ರವರಿಯಲ್ಲಿ ಒಂದು ವಾರ ನಿದ್ದೆಗೆಟ್ಟ ಕೆಂಗಣ್ಣಿನಲ್ಲಿ ಬಂದು, ಫಿಕಾ ಎನ್ನುವ ಕಾಫಿ ಬಿಡುವಿನಲ್ಲಿ, ಕಾಫಿ ಆರುವವರೆಗೂ ಗೆದ್ದವರನ್ನು ಬೈಯುತ್ತಿದ್ದ. ದೊಡ್ಡ ಥಿಯೇಟರು, ಪೂರ್ತಿ ಆರ್ಕೆಸ್ಟ್ರಾ, ಹಾಡಿದವರಿಗೆಲ್ಲ ಹೂಗುಚ್ಛ, ಟಿವಿ ಮುಂದೆ ಇಡೀ ಇಟಲಿ. ಹಾಡುವವರು ಅಲ್ಲಿನ ಹೆಸರಾಂತ ಗಾಯಕರು, ಹಾಡುವುದು ಅವರ ಭಾಷೆಯಲ್ಲಿ.

“ಅದು ಇಟಾಲಿಯನ್ ಹಾಡುಗಳದ್ದಲ್ವಾ ಸರ್?” ಎಂದಳು. “ಅದೂ ಫೆಬ್ರವರಿಯಲ್ಲಿ. ಇದು ಮೇ ತಿಂಗಳು ಅಂತ ಉಂಟಲ್ಲ.”

“ಅದು ಮೇನ್ ಫೆಸ್ಟಿವಲ್ ಇವ್ಲಿನ್ ಅವ್ರೇ. ಇದು ಇಂಟರ್‌ನ್ಯಾಷನಲ್ ವಿಂಗ್. ನೋಡಿ, ನಮ್ ವಿಡಿಯೊ ನೋಡಿ ಜ್ಯೂರಿ ಶಾಕ್ ಆಗಿದಾರಂತೆ.”

ಜ್ಯೂರಿ ಶಾಕ್ ಆಗಿರಬಹುದು, ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಬಂದಿದ್ದ ಮೇಲ್ ಓದಿದಳು. ತಂಡದ ಹೆಸರು ಇರಬೇಕಾದ ಕಡೆ ‘ಪ್ರಿಯ ಕಲಾವಿದರೇ’ ಎಂದಿತ್ತು. ಪ್ರವೇಶ ಶುಲ್ಕ, ಊಟ-ವಸತಿ, ಫೋಟೊ ಎಲ್ಲಕ್ಕೂ ಬೇರೆ ಬೇರೆ ದರವಿತ್ತು. ಮನೆಗೆ ಬಂದು ಗಂಡ ಲಾಯ್ಡ್‌ಗೆ ಹೇಳಿದಳು. ಅವನು ಕನ್ನಡ ಸಂಘದ ಕಾರ್ಯಕ್ರಮಗಳ ನಿರೂಪಕ, ಎಲ್ಲರಿಗೂ ಬೇಕಾದವನು.

“ಮೋಸ ಅಂತ ಗೊತ್ತಿದ್ದೂ ಹೋಗುದಾ?”

“ಎಂತ ಮೋಸ? ಸಮುದ್ರ ಉಂಟು, ಬಿಸಿಲು ಉಂಟು. ಹೋಗುವ, ಬರುವ,” ಎಂದ ಲಾಯ್ಡ್.

ಹೋದರು.

ಆ ಜಾಗತಿಕ ಗಾನೋತ್ಸವ ನಡೆದದ್ದು ಸಾನ್ರೆಮೊದ ಹೋಟೆಲೊಂದರ ಊಟದ ಹಾಲಿನಲ್ಲಿ. ಮಧ್ಯಾಹ್ನ ಕರಿದ ಮೀನಿನ ವಾಸನೆ ಇನ್ನೂ ಹೋಗಿರಲಿಲ್ಲ. ಪ್ರೇಕ್ಷಕರೆಂದರೆ ತಮ್ಮ ಸರದಿ ಕಾಯುತ್ತಿದ್ದ ಉಳಿದ ತಂಡಗಳು. ಯಾವುದೋ ದೇಶದ ಅಜ್ಜಿಯರು, ಮೈತುಂಬ ಜರಿ ಮೆತ್ತಿಕೊಂಡ ಹುಡುಗಿಯರು, ಮಕ್ಕಳ ಮೂಗು ಒರೆಸುತ್ತಿದ್ದ ತಾಯಂದಿರು. ಇವ್ಲಿನ್‌ಗೆ ಕೊಟ್ಟ ಕೀಬೋರ್ಡಿನಲ್ಲಿ ಪಂಚಮವೇ ಸತ್ತಿತ್ತು. ತೀರ್ಪುಗಾರರಲ್ಲಿ ಒಬ್ಬಾತ ಕಮಲ ಅರಳುತ್ತಿದ್ದಾಗ ಎದ್ದು ಹೋಗಿ ಅಡುಗೆಮನೆಯಲ್ಲಿ ಯಾರನ್ನೋ ಬೈದು ಬಂದ. ಅವನು ಆ ಹೋಟೆಲಿನ ಮ್ಯಾನೇಜರು. ಕೊನೆಯಲ್ಲಿ ಎಲ್ಲ ತಂಡಗಳಿಗೂ ಮೊದಲ ಬಹುಮಾನ ಬಂತು, ಒಂದೊಂದಕ್ಕೆ ಒಂದೊಂದು ವಿಭಾಗದಲ್ಲಿ. ‘ನಾದಸೇತು’ವಿನದು ‘ಉತ್ತರ ಯುರೋಪಿನ ಪೌರಸ್ತ್ಯ ವೃಂದಗಾನ’. ಆ ವಿಭಾಗದಲ್ಲಿ ಇದ್ದದ್ದು ಅವರೊಬ್ಬರೇ.

ಮರುದಿನ ಬೆಳಿಗ್ಗೆ ರಾಮದಾಸರು ಎಲ್ಲರನ್ನೂ ಆ ನಿಜವಾದ ಥಿಯೇಟರಿನ ಎದುರಿಗೆ ನಿಲ್ಲಿಸಿದರು. ಬಾಗಿಲು ಮುಚ್ಚಿತ್ತು. ಬಹುಮಾನದ ಕಪ್ಪು ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರು. ಬೀದಿ ಗುಡಿಸುತ್ತಿದ್ದವನು ಪೊರಕೆ ಹಿಡಿದು ಕಾದು ನಿಂತ. ಇವ್ಲಿನ್ ಹಿಂದಿನ ಸಾಲಿನಲ್ಲಿ ಒಬ್ಬರ ಭುಜದ ಮರೆಗೆ ಸರಿದಳು.

ಸ್ವೀಡನ್ನಿಗೆ ಬಂದಿಳಿಯುವ ಮೊದಲೇ ಆ ಫೋಟೊ ಗೋಥೆನ್‌ಬರ್ಗಿನಿಂದ ರಾಜಧಾನಿಯಾಚೆಯ ಸೊಲ್ಲೆಂಟುನಾದವರೆಗೆ ಎಲ್ಲ ಕನ್ನಡಿಗರ ವಾಟ್ಸಪ್ ಗುಂಪುಗಳಲ್ಲಿ ಓಡಾಡಿಯಾಗಿತ್ತು. ‘ಸಾನ್ರೆಮೊ ಗೆದ್ದ ಕನ್ನಡ’ ಎಂದು ಕೆಳಗೆ ಬರೆದಿತ್ತು. ಸಂಘದಿಂದ ಸನ್ಮಾನ ನಿಗದಿಯಾಯಿತು. ರಾಮದಾಸರು ಇವ್ಲಿನ್‌ಗೆ ಫೋನು ಮಾಡಿದರು.

“ನಿಮ್ ಆಫೀಸಲ್ಲಿ ಒಬ್ರು ಇಟಾಲಿಯನ್ ಇದಾರಲ್ವಾ? ಅವ್ರನ್ನೇ ಚೀಫ್ ಗೆಸ್ಟ್ ಮಾಡೋಣ. ಕಾರ್ಯಕ್ರಮಕ್ಕೊಂದು ವೆಯ್ಟ್ ಇರತ್ತೆ.”

“ಕರ್ಕೊಂಡು ಬರ್ತೇನೆ ಸರ್,” ಎಂದಳು. ಇಷ್ಟು ಸಂತೋಷದಿಂದ ಅವರ ಯಾವ ಮಾತಿಗೂ ಅವಳು ಒಪ್ಪಿರಲಿಲ್ಲ. ಫೌಸ್ಟೊನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಕಣ್ಣೀರು ಬರುವಷ್ಟು ನಕ್ಕ.

ಸನ್ಮಾನ ಶಾಲೆಯೊಂದರ ಸಭಾಂಗಣದಲ್ಲಿ ನಡೆಯಿತು. ಊರಿನಿಂದ ಬಂದಿದ್ದ ಅಪ್ಪ-ಅಮ್ಮಂದಿರು ಮುಂದಿನ ಸಾಲಿನಲ್ಲಿ, ಇಲ್ಲೇ ಹುಟ್ಟಿ ಬೆಳೆದ ಹುಡುಗರು ಫೋನು ನೋಡುತ್ತ ಕೊನೆಯ ಸಾಲಿನಲ್ಲಿ. ಫೌಸ್ಟೊನ ತಲೆಗೆ ಮೈಸೂರು ಪೇಟ ಇಟ್ಟರು. ಅದು ಅವನ ಹುಬ್ಬಿನವರೆಗೂ ಇಳಿಯಿತು. ಅವನು ಸ್ವೀಡಿಷ್‌ನಲ್ಲಿ ಮಾತಾಡಿದ. ರಾಮದಾಸರು ಪಕ್ಕದಲ್ಲಿ ನಿಂತು ಕನ್ನಡಕ್ಕೆ ತಂದರು.

ಫೌಸ್ಟೊ ಹೇಳಿದ್ದು ಇಷ್ಟು: ತನ್ನ ಚಿಕ್ಕಪ್ಪ ಸಾನ್ರೆಮೊದಲ್ಲಿ ಹೂವಿನ ಅಂಗಡಿ ಇಟ್ಟಿದ್ದಾನೆ, ಇಂಥದೊಂದು ಸ್ಪರ್ಧೆ ಇರುವುದು ಅವನಿಗೇ ಗೊತ್ತಿಲ್ಲ. ಆದರೆ ನಿಜವಾದ ಉತ್ಸವದಲ್ಲೂ ಹಾಡಲು ಬರದವರೇ ಗೆಲ್ಲುವುದರಿಂದ ಸಂಪ್ರದಾಯ ಕೆಟ್ಟಿಲ್ಲ.

ರಾಮದಾಸರು ಹೇಳಿದ್ದು ಇಷ್ಟು: “ಇವರ ಚಿಕ್ಕಪ್ಪನವರು ಸಾನ್ರೆಮೊದಲ್ಲೇ ಇದ್ದಾರೆ. ಹೂವಿನ ಮೂಲಕ ಆ ಉತ್ಸವದ ಸೇವೆ ಮಾಡುತ್ತಿದ್ದಾರೆ. ನಾವು ಅಲ್ಲಿಯ ಸಂಪ್ರದಾಯ ಉಳಿಸಿದ್ದೇವೆ ಎಂದು ಇವರು ಹೇಳುತ್ತಿದ್ದಾರೆ.”

ಕೊನೆಯ ಸಾಲಿನ ಹುಡುಗರು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಎರಡೂ ಭಾಷೆ ಬಲ್ಲ ನಡುವಿನ ಸಾಲಿನವರು, ಇಲ್ಲಿ ಇಷ್ಟು ವರ್ಷ ಕೆಲಸ ಮಾಡಿದವರು, ಒಬ್ಬರ ಮುಖ ಒಬ್ಬರು ನೋಡದೆ ಚಪ್ಪಾಳೆ ತಟ್ಟಿದರು.

ಇವ್ಲಿನ್‌ಗೆ ಮೈ ಉರಿಯಿತು. ಒಬ್ಬೊಬ್ಬ ಕಲಾವಿದರೂ ಅನುಭವ ಹಂಚಿಕೊಳ್ಳಬೇಕು ಎಂದು ಲಾಯ್ಡ್ ಮೈಕು ಕೊಟ್ಟಾಗ, ಯಾರಿಗೂ ಅನುವಾದ ಮಾಡಲಾಗದಂತೆ ಕನ್ನಡದಲ್ಲೇ ಹೇಳಿದಳು.

“ನಾವು ಹಾಡಿದ್ದು ಒಂದು ಹೋಟೆಲಿನ ಊಟದ ಹಾಲಿನಲ್ಲಿ. ದುಡ್ಡು ಕೊಟ್ಟವರಿಗೆಲ್ಲ ಅಲ್ಲಿ ಅವಕಾಶ ಇತ್ತು, ಹಾಡಿದವರಿಗೆಲ್ಲ ಫಸ್ಟ್ ಪ್ರೈಜ್ ಇತ್ತು. ನಮ್ಮ ವಿಭಾಗದಲ್ಲಿ ನಾವು ಮಾತ್ರ. ಆ ಫೋಟೊದ ಥಿಯೇಟರಿನ ಒಳಗೆ ನಾವು ಕಾಲಿಟ್ಟಿಲ್ಲ.”

ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರತ್ತ ಬಾಗಿ, ಎಲ್ಲರಿಗೂ ಕೇಳುವಂತೆಯೇ, “ಎಷ್ಟು ವಿನಯ ನೋಡಿ. ದೊಡ್ಡ ಕಲಾವಿದರು ಹೀಗೇ ಮಾತಾಡೋದು,” ಎಂದರು. ಲಾಯ್ಡ್ ತಕ್ಷಣ ಮೈಕು ತೆಗೆದುಕೊಂಡು, “ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ,” ಎಂದ. ಆ ದಿನದ ಅತಿ ದೊಡ್ಡ ಚಪ್ಪಾಳೆ ಅವಳಿಗೇ ಬಿತ್ತು. ತನಗೆ ಶಾಲು ಹೊದಿಸಿದ ರಾಮದಾಸರ ಮುಖದಲ್ಲಿ ಸಿಟ್ಟು ಹುಡುಕಿದಳು. ಇರಲಿಲ್ಲ.

ಊಟವಾದ ಮೇಲೆ ಶಾಲೆಯ ಅಡುಗೆಮನೆ ತೊಳೆದು ಕೊಡಬೇಕಿತ್ತು. ವೇದವತಿ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಂಬಾರಿನ ಪಾತ್ರೆ ಉಜ್ಜುತ್ತಿದ್ದರು. ಇವ್ಲಿನ್ ಒರೆಸಲು ಬಟ್ಟೆ ತೆಗೆದುಕೊಂಡಳು.

“ಬೇಜಾರಾಯ್ತಾ ಮೇಡಂ? ನಾನು ಹೇಳಿದ್ದು ಸುಳ್ಳಲ್ಲ.”

“ಸುಳ್ಳು ಅಂತ ಯಾರಂದ್ರು?” ವೇದವತಿ ತಲೆ ಎತ್ತಲಿಲ್ಲ. “ಇವತ್ತು ಸಭೇಲಿ ಕೂತಿದ್ದೋರೆಲ್ಲ ಗೂಗಲ್ ಮಾಡಿಲ್ಲ ಅಂದ್ಕೊಂಡ್ರಾ? ಎಲ್ರಿಗೂ ಗೊತ್ತು.”

“ಮತ್ತೆ ಯಾಕೆ ಚಪ್ಪಾಳೆ?”

“ಹೋದ ವರ್ಷ ನಮ್ ಸಂಘದ ಮಾಲತಿ ‘ವಿಶ್ವ ಸಾಧಕಿ’ ಆದಾಗ ನೀವೂ ತಟ್ಟಿದ್ರಿ. ಯಾವ ವಿಶ್ವ ಅಂತ ಕೇಳಿದ್ರಾ? ಇವತ್ತು ಅವ್ರು ನಮಗೆ ತಟ್ಟಿದ್ರು, ಅಷ್ಟೇ.” ನಲ್ಲಿ ನಿಲ್ಲಿಸಿ, ಮೊದಲ ಸಲ ಅವಳತ್ತ ನೋಡಿದರು. “ನಿಮ್ ಲಾಯ್ಡ್‌ಗೆ ‘ಸ್ಕ್ಯಾಂಡಿನೇವಿಯಾದ ಶ್ರೇಷ್ಠ ನಿರೂಪಕ’ ಅಂತ ಒಂದು ಶೀಲ್ಡ್ ಬಂತಲ್ಲ, ಎಲ್ಲಿಟ್ಟಿದೀರ?”

“ಟಿವಿ ಪಕ್ಕ.”

“ಅದನ್ನ ಮಾಡಿಸಿದ್ದು ನಾವು. ನಮ್ಮನೆಯವರಿಗೆ ಬಿರುದಿನ ಹೆಸರು ಹೊಳೀಲಿಲ್ಲ, ಸ್ಕ್ಯಾಂಡಿನೇವಿಯಾ ಅಂತ ಹಾಕ್ಸಿ ಅಂದಿದ್ದು ನಾನೇ.”

ಆ ಶೀಲ್ಡ್ ಬಂದ ರಾತ್ರಿ ಲಾಯ್ಡ್ ಮಂಗಳೂರಿನ ಅಣ್ಣ-ತಮ್ಮಂದಿರಿಗೆಲ್ಲ ವಿಡಿಯೊ ಕಾಲ್ ಮಾಡಿದ್ದ. ಫೋನು ಹಿಡಿದು ನಿಂತಿದ್ದವಳು ಇವ್ಲಿನ್. ಅದರ ಧೂಳನ್ನು ಪ್ರತಿ ಶನಿವಾರ ಒರೆಸುತ್ತಿದ್ದವಳೂ ಅವಳೇ. ಇಷ್ಟು ದಿನ ಊರವರ ಮೇಲೆಲ್ಲ ಇಟ್ಟುಕೊಂಡಿದ್ದ ತಾತ್ಸಾರ ಈಗ ತನ್ನ ಮನೆಯ ಟಿವಿಯವರೆಗೂ ಬಂದು ನಿಂತಿತ್ತು. ಪಾತ್ರೆ ಒರೆಸಿ ಕಪಾಟಿನಲ್ಲಿಟ್ಟಳು.

ಕಾರಿನಲ್ಲಿ ಲಾಯ್ಡ್ ಕೇಳಿದ, “ವೇದಕ್ಕ ಎಂತ ಹೇಳಿದ್ರು? ಕೋಪ ಉಂಟಾ?”

“ಇಲ್ಲ. ಕಾರ್ಯಕ್ರಮ ಚೆಂದ ಮಾಡಿಕೊಟ್ಟೆ ನೀನು ಅಂದ್ರು.”

ಲಾಯ್ಡ್ ಮನೆಯವರೆಗೂ ಸಿಳ್ಳೆ ಹಾಕುತ್ತ ಓಡಿಸಿದ.

ಇವ್ಲಿನ್ ತಂಡ ಬಿಟ್ಟಳು. ಯಾರೂ ಒತ್ತಾಯಿಸಲಿಲ್ಲ. ಕೀಬೋರ್ಡಿನ ಜಾಗಕ್ಕೆ ರೆಕಾರ್ಡ್ ಮಾಡಿದ ಟ್ರ್ಯಾಕು ಬಂತು, ಅದು ಎದುರು ಮಾತಾಡುತ್ತಿರಲಿಲ್ಲ. ಮರುವರ್ಷ ತಂಡ ಇಮ್ಮಡಿಯಾಯಿತು. ‘ವಿನಯದ ಮಾತು’ ಕೇಳಿ ಬಂದು ಸೇರಿದವರೇ ಹೆಚ್ಚು ಎಂದು ರಾಮದಾಸರು ಹೇಳಿದರು. ಈ ಸಲ ಮಾಲ್ಟಾಕ್ಕೆ ಹೋಗಿ ಗ್ರ್ಯಾಂಡ್ ಪ್ರೈಜ್ ತಂದರು. ಸನ್ಮಾನದ ನಿರೂಪಣೆ ಲಾಯ್ಡ್‌ನದೇ. ಅವನು ಹೊಸ ಕೋಟು ಹಾಕಿಕೊಂಡು ಒಂದೊಂದು ಹೆಸರನ್ನೂ ಎಳೆದೆಳೆದು ಕರೆದ. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಇವ್ಲಿನ್ ಕೂಡ ಹೊಡೆದಳು. ಕೂತಲ್ಲಿಂದ ಏಳಲಿಲ್ಲ.