ಬಣ್ಣದ ನೀರಿಗೆ ಬಿಸಿಲು ತೋರಿಸಿ

ಸಂಜೆಯಾದರೆ ಬಣ್ಣಗಾರನ ಮನೆಯಿಂದ ನಾಲ್ಕೈದು ಜನರ ದನಿ ಕೇಳಿಸುತ್ತಿತ್ತು. ಒಳಗಿದ್ದವನು ಮಾತ್ರ ಒಬ್ಬನೇ. ಎದುರುಮನೆ ದರ್ಜಿಯ ಕೆಮ್ಮು, ಪಕ್ಕದ ಮೇಷ್ಟ್ರ ಗದರಿಕೆ, ಮೂಲೆಮನೆ ಅಜ್ಜಿಯ "ಯಾರದು?" ಎಲ್ಲವನ್ನೂ ಅವನೇ ಆಡುತ್ತಿದ್ದ. ಉತ್ತರವನ್ನೂ ಅವನೇ ಕೊಡುತ್ತಿದ್ದ.

ಅವರೆಲ್ಲ ಓಣಿ ಬಿಟ್ಟು ಹೋಗಿದ್ದರು. ಅವನು ಬಟ್ಟೆಗೆ ಬಣ್ಣ ಹಾಕಿ ಚೆಲ್ಲಿದ ನೀರು ನೆಲಕ್ಕಿಳಿದು ಬಾವಿಗಳನ್ನು ಸೇರಿತ್ತು. ಬಿಳಿ ಅಂಗಿ ಒಗೆದರೆ ಗುಲಾಬಿ ಅಂಗಿ ಕೈಗೆ ಬರುತ್ತಿತ್ತು, ಅದೂ ಪುಕ್ಕಟೆ! ಆದರೆ ಕುಡಿಯುವ ನೀರೂ ಅದೇ ತಾನೇ?

ಉಳಿದಿದ್ದು ಗೋಡೆಯಾಚೆಯ ತಂಗಿಯ ಮನೆ ಒಂದೇ. ಅವಳೂ ಗಂಟು ಕಟ್ಟತೊಡಗಿದಳು.

"ಅಣ್ಣಾ, ಕೊಡದಲ್ಲಿ ಬರ್ತಿರೋದು ನೀರಲ್ಲ, ನಿನ್ನ ಹಂಡೆ ತೊಳೆದ ಬಗ್ಗಡ. ತಿಂಗಳ ಕೊನೆಗೆ ನಾವೂ ಹೊರಟ್ವಿ."

"ಹೋಗು ತಾಯಿ. ನಿನ್ನ ದನೀನೂ ಕಲಿತ್ಕೋತೀನಿ."

ತಂಗಿ ನಗಲಿಲ್ಲ.

ಅವಳ ಮಗಳಿಗೆ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಮರುದಿನ ಬಿಳಿ ಲೇಪನವಿದ್ದ ಎರಡು ಅಗಲ ತಟ್ಟೆಗಳನ್ನು ಹೊತ್ತು ತಂದಳು.

"ಮಾವಾ, ಇದು ಟೈಟಾನಿಯಂ ಡೈಆಕ್ಸೈಡ್. ಬೆಳಕಿಂದ ಕೆಲಸ ಮಾಡೋ ವೇಗವರ್ಧಕ. ಬಿಸಿಲು ಬಿದ್ರೆ ನೀರಲ್ಲಿರೋ ಬಣ್ಣಾನ ಚೂರುಚೂರು ಮಾಡುತ್ತೆ, ತಾನು ಖರ್ಚಾಗಲ್ಲ."

"ಮದುವೆ ದಲ್ಲಾಳಿ ಅನ್ನು!"

"ಇದು ಕೂಡಿಸೋದಲ್ಲ ಮಾವಾ, ಬಿಡಿಸೋದು."

"ಹಾಗಾದ್ರೆ ವಕೀಲ."

"ಏನಾದ್ರೂ ಅನ್ನಿ. ನೀರನ್ನ ಸೋಸಿ, ತಟ್ಟೇಲಿ ತೆಳ್ಳಗೆ ಹಾಕಿ. ಗಾಢ ಬಣ್ಣದೊಳಗೆ ಬೆಳಕು ಇಳಿಯಲ್ಲ, ಇನ್ನಷ್ಟು ನೀರು ಬೆರೆಸಿ ತೆಳು ಮಾಡ್ಕೊಳ್ಳಿ. ಆಗಾಗ ಕದಡ್ತಿರಿ. ಮಿಕ್ಕ ನೀರು ಡ್ರಮ್ಮಲ್ಲಿರಲಿ, ನೆಲಕ್ಕೆ ಬೇಡ."

ಕೆಲವು ದಿನ ಬಿಟ್ಟು ಬಂದಾಗ ಮಾವ ಮುಖ ಊದಿಸಿಕೊಂಡು ಕೂತಿದ್ದ.

"ನೋಡು, ನೀರು ಕೆಂಪಗೇ ಇದೆ. ನಿನ್ನ ವಕೀಲ ಕೇಸು ಸೋತ."

ಅವಳು ಅಂಗಳ ಇಣುಕಿದಳು. ತಟ್ಟೆಗಳ ಮೇಲೆ ನಾಲ್ಕು ಕೋಲು ನೆಟ್ಟು, ದಪ್ಪ ಬಟ್ಟೆ ಬಿಗಿದು, ಅಚ್ಚುಕಟ್ಟಾದ ನೆರಳು ಮಾಡಿದ್ದ.

"ಇದೇನು ಮಾವಾ?"

"ಮತ್ತೆ? ಬಿಸಿಲು ತಾಗಿದ್ರೆ ಬಣ್ಣ ಹಾರಿಹೋಗಲ್ವಾ?"

ಹೇಳಿದವನು ಬಾಯಿ ತೆರೆದೇ ನಿಂತ. ಜೀವನವಿಡೀ ಬಣ್ಣವನ್ನು ಬಿಸಿಲಿಂದ ಕಾಪಾಡಿದ ಕೈ, ಅವನನ್ನು ಕೇಳದೆಯೇ ಮತ್ತೆ ಕಾಪಾಡಿತ್ತು.

ಬಟ್ಟೆಯನ್ನು ಅವನೇ ಕಿತ್ತು ಹಾಕಿದ. ಆಮೇಲೆ ಹಗಲೆಲ್ಲ ತಟ್ಟೆಯ ಪಕ್ಕ ಕೂತು ಕದಡಿದ. ಮಾತಾಡಲು ಯಾರೂ ಇರಲಿಲ್ಲ. ಕೆಂಪು ಗುಲಾಬಿಯಾಯಿತು, ಗುಲಾಬಿ ಮಾಸಿತು, ಕೊನೆಗೆ ತಟ್ಟೆಯ ಬಿಳಿ ತಳ ಕಂಡಿತು.

ತಂಗಿ ಬಂದು ಒಂದು ಲೋಟ ಎತ್ತಿ ನೋಡಿದಳು. "ಕುಡೀಬಹುದಾ?"

"ಬೇಡಮ್ಮ," ಎಂದಳು ಮಗಳು. "ತಿಳಿಯಾಗಿ ಕಂಡದ್ದೆಲ್ಲ ಶುದ್ಧ ಅಲ್ಲ, ಪರೀಕ್ಷೆ ಆಗ್ಬೇಕು. ಉಪ್ಪು, ಲೋಹ ಇದರಿಂದ ಹೋಗಲ್ಲ. ಮಾವ ಮತ್ತೆ ಬಟ್ಟೆ ಜಾಲಿಸೋಕೆ ಬಳಸ್ಲಿ. ಚಾವಣಿ ತುಂಬ ತಟ್ಟೆ ಇಡೋಣ."

"ನಮ್ಮ ಬಾವಿ?"

"ಅದಕ್ಕೆ ಕಾಲ ಬೇಕು."

ತಂಗಿ ಲೋಟದ ನೀರನ್ನು ತಟ್ಟೆಗೇ ಸುರಿದಳು. "ಅಲ್ಲಿವರೆಗೆ ಕುಡಿಯೋ ನೀರು ಹೊರಗಿಂದ ತರ್ತೀನಿ. ಆದ್ರೆ ಅಣ್ಣಾ, ಇನ್ನೊಂದು ಹನಿ ನೆಲಕ್ಕೆ ಬಿದ್ದರೆ ಗಾಡಿ ಕರೆಸ್ತೀನಿ." ಹೋಗಿ ಕಟ್ಟಿದ ಗಂಟು ಬಿಚ್ಚಿದಳು. ಪಾತ್ರೆಗಳ ಸದ್ದು ಗೋಡೆ ದಾಟಿ ಬಂತು.

ಉಳಿದ ಮನೆಗಳ ಬೀಗಗಳು ಹಾಗೇ ಇವೆ. ಹೋದವರು ಬರಲಿಲ್ಲ.

ಬಣ್ಣ ಹಾಕುವವರೇ, ಹಂಡೆ ತೊಳೆಯುವವರೇ, ಕೊಳೆನೀರನ್ನು ನೆಲಕ್ಕೆ ಚೆಲ್ಲಬೇಡಿ. ಗೋಡೆಯ ಬಿಳಿ ಪೇಂಟಿನಲ್ಲೂ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ, ಆದರೆ ಅದನ್ನು ಬಳಿದರೆ ಈ ತಟ್ಟೆ ಆಗುವುದಿಲ್ಲ. ನೀರು ಪರೀಕ್ಷಿಸುವವರನ್ನು ಕೇಳಿ, ಸರಿಯಾದ ಲೇಪನ ತನ್ನಿ, ಬಿಸಿಲಿಗಿಡಿ, ಪರೀಕ್ಷೆ ಮಾಡಿಸಿ. ಕರೆದು ತಿಳಿಯಾದ ನೀರು ತೋರಿಸಲು ಪಕ್ಕದಲ್ಲಿ ಒಬ್ಬರಾದರೂ ಇರುವಾಗಲೇ ಶುರು ಮಾಡಿ.